ಗಾಡಿ ಕಾದೈತಿ, ಸ್ವಲ್ಪ ತಣ್ಣಗಾಗ್ಲಿ ಬಿಡು

ಆನಗೋಡು ದಾಟಿದ್ದೆವು, ಭರಮಸಾಗರ ಇನ್ನೂ ಬಂದಿರಲಿಲ್ಲ. ಗಾಡಿ ಒಮ್ಮೆ ಜಗ್ಗಿತು. ನೊಗ ಹೊತ್ತ ಎತ್ತು ಮುಗ್ಗರಿಸಿದ ಹಾಗೆ. ಸ್ವಲ್ಪ ದೂರ ಸರಿಯಾಗಿ ಹೋಯಿತು, ಮತ್ತೆ ಜಗ್ಗಿತು, ಆಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ವೇಗ ಏರದೆ ಸುಮ್ನೆ ಕುಗ್ಗುತ್ತಾ ಕುಗ್ಗುತ್ತಾ ಬಂದು ರಸ್ತೆ ಪಕ್ಕದಲ್ಲಿ ಬಂದ್ ಆಯಿತು. ಅಪ್ಪಾಜಿ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಎದುರಿಗೆ ನೋಡಿದರು. ‘ಗಾಡಿ ಕಾದೈತಿ, ಸ್ವಲ್ಪ ತಣ್ಣಗಾಗ್ಲಿ ಬಿಡು’ ಅಂದರು.

ಏಪ್ರಿಲ್ ತಿಂಗಳ ಹನ್ನೊಂದು ಗಂಟೆ ಬಿಸಿಲು. ಆ ಮಾತನ್ನು ಯಾರು ತಾನೇ ಅಲ್ಲ ಅಂತಾರೆ? ನಾವೇ ಕಾದಿದ್ದೆವು. ಬಾನೆಟ್ ಎತ್ತಿ, ಹೊಂಗೆ ಮರದ ಕೆಳಗೆ ಕೂತು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯಿತು. ಅಲ್ಲಿಗೆ ಅಪ್ಪಾಜಿ ಹೇಳಿದ್ದು ನಿಜ ಅಂತ ಆಯಿತಲ್ವಾ. ಕಾದರೆ ನಿಲ್ಲುತ್ತೆ, ತಣ್ಣಗಾದರೆ ಓಡುತ್ತೆ. ಈ ಒಂದು ಮಾತನ್ನು ನಂಬಿಕೊಂಡು ನಾವು ಮೂರು ತಿಂಗಳು ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆದೆವು.

ಗಾಡಿ 2004ರದ್ದು, ಡೀಸೆಲ್ ಪಿಕಪ್. ಕಂಪನಿ ಹೆಸರು ಬೇಡ. ಪಾಪ, ಅದರ ತಪ್ಪೇನೂ ಇಲ್ಲ, ಅದು ಕೊನೆಯಲ್ಲಿ ಗೊತ್ತಾಗುತ್ತೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಇಂಜಿನ್ನಿಗೆ ಡೀಸೆಲ್ ಒತ್ತಿ ಕೊಡಲು ಹಳೇ ಕಾಲದ ಮೆಕ್ಯಾನಿಕಲ್ ಪಂಪು. ಅಪ್ಪಾಜಿ ಅದರಲ್ಲಿ ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ಚಿತ್ರದುರ್ಗದ ಅಂಗಡಿಗಳಿಗೆ ಮಂಡಕ್ಕಿ ಹಾಕುತ್ತಾರೆ. ಸುಮಾರು ಅರವತ್ತು ಕಿಲೋಮೀಟರ್ ದಾರಿ. ಸರ್ಕಾರ ಅದನ್ನು ನಾಲ್ಕನೇ ನಂಬರ್ ಹೈವೇ ಅಂದಿತ್ತು, ಈಗ 48 ಅನ್ನುತ್ತೆ. ಅಪ್ಪಾಜಿಗೆ ಅದು ಇವತ್ತಿಗೂ ಪಿ.ಬಿ. ರೋಡು, ಅಂದರೆ ಪೂನಾ-ಬೆಂಗಳೂರು ರೋಡು. ಹಾಗೇ ದಾವಣಗೆರೆ ಚಿತ್ರದುರ್ಗದಿಂದ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ, ಆದರೆ ದುರ್ಗಕ್ಕೆ ಹೊರಟರೆ ಅವರು ಈಗಲೂ ‘ಜಿಲ್ಲಾಕ್ಕೆ ಹೋಗಿ ಬರ್ತೀನಿ’ ಅಂತಾರೆ.

ಮಂಡಕ್ಕಿ ಲೋಡು ನೋಡಿದವರಿಗೆ ಗೊತ್ತು. ಚೀಲಗಳು ಕ್ಯಾಬಿನ್ನಿಗಿಂತ ಎರಡು ಆಳು ಎತ್ತರ ನಿಂತಿರುತ್ತವೆ, ಹಗ್ಗ ಬಿಗಿದು ಕಟ್ಟಿರುತ್ತಾರೆ, ದೂರದಿಂದ ನೋಡಿದರೆ ಬೆಟ್ಟವೇ ನಡೆದು ಬಂದ ಹಾಗೆ. ತೂಕ ಮಾತ್ರ ಏನೂ ಇಲ್ಲ. ರಸ್ತೆಯಲ್ಲಿ ಗಾಡಿ ನಿಂತಾಗ ಹಾದು ಹೋಗುವ ಲಾರಿಯವರು ‘ಓವರ್‌ಲೋಡ್ ಮಾಡಿದ್ರೆ ಇನ್ನೇನಾಗ್ತತಿ ಯಜಮಾನ್ರೆ’ ಅಂತ ಬುದ್ಧಿ ಹೇಳುತ್ತಿದ್ದರು. ಅಪ್ಪಾಜಿ ಒಂದು ಚೀಲವನ್ನು ಕಿರುಬೆರಳಲ್ಲಿ ಎತ್ತಿ ತೋರಿಸುತ್ತಿದ್ದರು. ಸಿಟ್ಟಿನಲ್ಲೂ ಅವರಿಗೆ ಅದೊಂದು ಖುಷಿ.

ಮೊದಲನೇ ಮೇಸ್ತ್ರಿ ‘ಹೀಟ್ ಕಂಪ್ಲೇಂಟ್’ ಅಂತ ಕೇಳಿದ್ದೇ ರೇಡಿಯೇಟರ್ ಬಿಚ್ಚಿದ. ತೊಳೆದ, ಹೊಸ ಕೂಲೆಂಟ್ ಹಾಕಿದ, ಜೊತೆಗೆ ಥರ್ಮೋಸ್ಟಾಟ್ ತೆಗೆದು ಕೈಗೆ ಕೊಟ್ಟ. ‘ನಮ್ಮ ಊರಿನ ಬಿಸಿಲಿಗೆ ಇದು ಬೇಡ’ ಅಂದ. ಇದು ನಮ್ಮ ಕಡೆ ತುಂಬಾ ಮೇಸ್ತ್ರಿಗಳ ಚಟ. ಥರ್ಮೋಸ್ಟಾಟ್ ಅನ್ನೋದು ಇಂಜಿನ್ ಸುಮಾರು ಎಂಬತ್ತು ಡಿಗ್ರಿಗೆ ಬರುವ ತನಕ ನೀರನ್ನು ರೇಡಿಯೇಟರ್ ಕಡೆ ಬಿಡದೆ ಹಿಡಿದುಕೊಳ್ಳುವ ಬಾಗಿಲು. ಅದನ್ನು ತೆಗೆದರೆ ಇಂಜಿನ್ ಯಾವಾಗಲೂ ಅರೆಬಿಸಿ, ಡೀಸೆಲ್ ಸರಿಯಾಗಿ ಉರಿಯಲ್ಲ, ಹೊಗೆ ಜಾಸ್ತಿ. ಅದಕ್ಕಿಂತ ಮುಖ್ಯ, ನಮ್ಮ ಗಾಡಿಯ ಟೆಂಪರೇಚರ್ ಮುಳ್ಳು ನಿಂತಾಗಲೂ ಅರ್ಧದ ಮೇಲೆ ಹೋಗಿರಲಿಲ್ಲ. ಅದನ್ನು ಅವನೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಎರಡನೆಯವರು ವಯಸ್ಸಾದ ಮೇಸ್ತ್ರಿ. ಡೀಸೆಲ್ ಗಾಡಿ ಕೆಲಸದಲ್ಲೇ ತಲೆ ಹಣ್ಣಾದವರು. ‘ಏರ್ ತಗೊಳ್ತೈತಿ’ ಅಂದರು. ಇದು ಒಳ್ಳೇ ಅನುಮಾನ. ಟ್ಯಾಂಕಿನಿಂದ ಪಂಪಿನ ತನಕ ಡೀಸೆಲ್ ಎಳೆದುಕೊಂಡೇ ಬರಬೇಕು, ಆ ದಾರಿಯಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ಸಂದಿ ಇದ್ದರೂ ಡೀಸೆಲ್ ಹೊರಗೆ ಸೋರುವುದಕ್ಕಿಂತ ಗಾಳಿ ಒಳಗೆ ನುಗ್ಗುವುದೇ ಹೆಚ್ಚು, ಹೊರಗೆ ಒಂದು ಹನಿ ಒದ್ದೆ ಕೂಡ ಕಾಣದೇ ಇರಬಹುದು. ಅವರು ರಬ್ಬರ್ ಪೈಪ್ ಎಲ್ಲಾ ಬದಲಿಸಿದರು, ತಾಮ್ರದ ವಾಷರ್‌ಗಳನ್ನು ಹೊಸದು ಹಾಕಿದರು, ಡೀಸೆಲ್ ಫಿಲ್ಟರ್ ಬದಲಿಸಿದರು. ಟ್ಯಾಂಕಿನಿಂದ ಡೀಸೆಲ್ ಎಳೆಯಲು ಕೈಯಲ್ಲಿ ಒತ್ತುವ ಸಣ್ಣ ಹ್ಯಾಂಡ್ ಪಂಪೂ ಬದಲಾಯಿತು, ಯಾಕಂದ್ರೆ ಗಾಡಿ ನಿಂತಾಗ ಅದನ್ನು ಒತ್ತಿದರೆ ಒತ್ತಿದ ಜಾಗದಲ್ಲೇ ಕೂತುಬಿಡುತ್ತಿತ್ತು, ಮೇಲೆ ಬರುತ್ತಿರಲಿಲ್ಲ. ‘ಒಳಗಿನ ರಬ್ಬರ್ ಹೋಗೈತಿ’ ಅಂದರು. ಹೊಸದೂ ಹಾಗೇ ಕೂತುಕೊಂಡಿತು. ಆಗಲೂ ಯಾರಿಗೂ ಹೊಳೆಯಲಿಲ್ಲ. ಈಗ ನೆನೆದರೆ ನಗು ಬರುತ್ತೆ. ಉತ್ತರವನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ, ಅದನ್ನೇ ಬಿಚ್ಚಿ ಗುಜರಿಗೆ ಹಾಕಿದ್ದೆವು.

ಆಮೇಲೆ ಒದ್ದೆ ಬಟ್ಟೆ ಪರೀಕ್ಷೆ. ಹಳೇ ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ ಇದು ಗೊತ್ತಿರುತ್ತೆ. ಪಂಪಿನ ಒಳಭಾಗ ಸವೆದಿದ್ದರೆ ತಣ್ಣಗಿದ್ದಾಗ ಹೇಗೋ ನಡೆಯುತ್ತೆ, ಬಿಸಿಯಾದ ಮೇಲೆ ಡೀಸೆಲ್ ತೆಳ್ಳಗಾಗಿ ಸವೆದ ಸಂದಿಯಲ್ಲೇ ಜಾರಿಕೊಂಡು ಒತ್ತಡ ಕಟ್ಟಲ್ಲ, ಗಾಡಿ ನಿಂತರೆ ಮತ್ತೆ ಸ್ಟಾರ್ಟ್ ಆಗಲ್ಲ. ಆಗ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ತಣ್ಣಗೆ ಮಾಡಿ ನೋಡುತ್ತಾರೆ. ಸ್ಟಾರ್ಟ್ ಆದರೆ ಪಂಪೇ ಕಳ್ಳ ಅಂತ. (ಕೆಲವರು ನೇರ ತಣ್ಣೀರು ಸುರಿಯುತ್ತಾರೆ, ಅದು ಬೇಡ. ಕಾದ ಲೋಹ ಒಮ್ಮೆಲೇ ಕುಗ್ಗಿ ಒಳಗಿನ ಭಾಗ ಹಿಡಿದುಕೊಳ್ಳಬಹುದು.) ನಾವೂ ಮಾಡಿದೆವು. ಟವೆಲ್ ನೆನೆಸಿ ಹೊದಿಸಿದೆವು, ಎರಡು ಸಲ ನೀರು ಚಿಮುಕಿಸಿದೆವು, ಕಾಲು ಗಂಟೆ ಆದ ಮೇಲೆ ಸೆಲ್ಫ್ ಹೊಡೆದರೆ ಗಾಡಿ ಸ್ಟಾರ್ಟ್! ಪಂಪಿನ ಅಂಗಡಿಯಲ್ಲಿ ಕೇಳಿದರೆ ಬಿಚ್ಚಿ, ಸಾಮಾನು ಹಾಕಿ, ಕ್ಯಾಲಿಬ್ರೇಷನ್ ಮಾಡಿ ಹದಿನೆಂಟು ಸಾವಿರ ಅಂದರು.

ಅಪ್ಪಾಜಿ ಹದಿನೆಂಟು ಸಾವಿರಕ್ಕೆ ಒಂದು ವಾರ ಸುಮ್ಮನಾದರು. ಆ ಒಂದು ವಾರ ನಮ್ಮನ್ನು ಉಳಿಸಿತು.

ನನ್ನದು ಮೊಬೈಲ್ ರಿಪೇರಿ ಅಂಗಡಿ. ಗಾಡಿ ಕೆಲಸ ಗೊತ್ತಿಲ್ಲ, ಆದರೆ ಮಲ್ಟಿಮೀಟರ್ ಹಿಡಿಯಲು ಬರುತ್ತೆ. ಪಂಪಿನ ಮೇಲೆ ಒಂದು ಸೊಲೆನಾಯ್ಡ್ ಇರುತ್ತೆ, ಕೀ ಆನ್ ಮಾಡಿದರೆ ಅದು ಡೀಸೆಲ್ ದಾರಿ ತೆರೆಯುತ್ತೆ, ಆಫ್ ಮಾಡಿದರೆ ಮುಚ್ಚುತ್ತೆ. ಒಳಗೆ ತಾಮ್ರದ ಸುರುಳಿ. ತಾಮ್ರ ಬಿಸಿಯಾದರೆ ಪ್ರತಿ ಡಿಗ್ರಿಗೂ ಅದರ ರೆಸಿಸ್ಟೆನ್ಸ್ ಶೇಕಡ 0.4ರಷ್ಟು ಏರುತ್ತೆ, ಕರೆಂಟ್ ಕಮ್ಮಿಯಾಗುತ್ತೆ, ಎಳೆಯುವ ಶಕ್ತಿ ಕುಂದುತ್ತೆ. ಹಳೇ ಗಾಡಿ ಬಿಸಿಯಾದಾಗ ನಿಲ್ಲಲು ಇದು ನಿಜವಾಗಿ ಒಂದು ಕಾರಣ. ತಣ್ಣಗಿದ್ದಾಗ ನಮ್ಮದು 8 ಓಮ್ ತೋರಿಸಿತು. ಮೀಟರ್ ಜೊತೆಗಿಟ್ಟುಕೊಂಡೇ ಹೋದೆ. ಆನಗೋಡು ದಾಟಿ ನಿಂತ ಕೂಡಲೇ ಇಳಿದು ನೋಡಿದರೆ 10ಕ್ಕೆ ಸ್ವಲ್ಪ ಮೇಲೆ, ಅಂದರೆ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಹನ್ನೆರಡು ವೋಲ್ಟ್ ಬರುತ್ತಿತ್ತು. ವೈರ್ ತೆಗೆದು ಮುಟ್ಟಿಸಿದರೆ ಟಕ್ ಟಕ್ ಅಂತ ಸದ್ದೂ ಬಂತು. ಅದು ಸರಿಯಾಗಿತ್ತು. ಇನ್ನೊಂದು ವಿಷಯ ಮೊದಲೇ ಗಮನಿಸಬೇಕಿತ್ತು: ಸೊಲೆನಾಯ್ಡ್ ಕೈಕೊಟ್ಟರೆ ಕೀ ತಿರುಗಿಸಿದ ಹಾಗೆ ಒಮ್ಮೆಲೇ ಬಂದ್ ಆಗುತ್ತೆ. ನಮ್ಮದು ಜಗ್ಗಿ, ಕುಗ್ಗಿ, ನರಳಿ ಆಮೇಲೆ ನಿಲ್ಲುತ್ತಿತ್ತು. ಕರೆಂಟ್ ಹೋಗುವುದಕ್ಕೂ ಹಸಿವಿನಿಂದ ಸೊರಗುವುದಕ್ಕೂ ವ್ಯತ್ಯಾಸ ಇದೆ.

ಹಿರಿಯ ಮೇಸ್ತ್ರಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಹಾಗಾದ್ರೆ ಕ್ಯಾನ್ ಕಟ್ಟಾನ ಅಂದರು. ಹತ್ತು ಲೀಟರ್ ಕ್ಯಾನಿಗೆ ಡೀಸೆಲ್ ತುಂಬಿ, ಕ್ಯಾಬಿನ್ ಹಿಂದೆ ಭದ್ರವಾಗಿ ಕಟ್ಟಿ, ಪೈಪ್ ನೇರ ಅದರೊಳಗೆ ಬಿಟ್ಟರು. ರಿಟರ್ನ್ ಪೈಪೂ ಅದಕ್ಕೇ. ಅಂದರೆ ಗಾಡಿಯ ಟ್ಯಾಂಕಿಗೂ ಇಂಜಿನ್ನಿಗೂ ಸಂಬಂಧವೇ ಇಲ್ಲ. ಭರಮಸಾಗರದ ತನಕ ಹೋಗಿ ಬಂದೆವು. ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ, ಬೇಕಂತಲೇ. ಒಂದು ಸಲವೂ ಜಗ್ಗಲಿಲ್ಲ. ಪಂಪು ಬಚಾವ್, ಹದಿನೆಂಟು ಸಾವಿರವೂ ಬಚಾವ್.

ಟ್ಯಾಂಕ್ ಇಳಿಸಿದರು. ಒಳಗಿನ ಜಾಲರಿಯಲ್ಲಿ ತುಕ್ಕಿನ ಕೆಸರು ಒಂದು ಹಿಡಿ ಬಂತು. ಎಲ್ಲರ ಮುಖ ಅರಳಿತು. ಕೆಸರು ಕಂಡರೆ ಮೇಸ್ತ್ರಿಗೂ ಸಮಾಧಾನ, ಗಾಡಿ ಮಾಲೀಕನಿಗೂ ಸಮಾಧಾನ, ಕಣ್ಣಿಗೆ ಕಾಣುವ ಕಳ್ಳ ಸಿಕ್ಕ ಹಾಗೆ. ತೊಳೆದು ಕೂರಿಸಿ, ಇಪ್ಪತ್ತು ಲೀಟರ್ ಹಾಕಿಕೊಂಡು ದುರ್ಗಕ್ಕೆ ಹೋಗಿ ಬಂದೆವು. ಏನೂ ತೊಂದರೆ ಇಲ್ಲ. ಅವತ್ತು ಸಂಜೆ ಎಲ್ಲರಿಗೂ ಅಪ್ಪಾಜಿಯ ಲೆಕ್ಕದಲ್ಲಿ ಬೆಣ್ಣೆ ದೋಸೆ.

ಮೂರನೇ ದಿನ ಅದೇ ಜಾಗ. ಜಗ್ಗಿತು, ಕುಗ್ಗಿತು, ನಿಂತಿತು. ಅಪ್ಪಾಜಿ ಈ ಸಲ ಏನೂ ಹೇಳಲಿಲ್ಲ. ಇಳಿದು ಟವೆಲ್ ಹಾಸಿ ಮರದ ಕೆಳಗೆ ಮಲಗಿಯೇಬಿಟ್ಟರು.

ನನ್ನ ಅಂಗಡಿಗೆ ಬರುವವರು ಹತ್ತರಲ್ಲಿ ಏಳು ಮಂದಿ ‘ಬಿಸಿ ಆಗಿ ಆಫ್ ಆಗುತ್ತೆ’ ಅಂತಲೇ ಫೋನ್ ಕೊಡುತ್ತಾರೆ. ನಾನು ಅದನ್ನು ನಂಬಲ್ಲ. ಯಾವಾಗ ಆಫ್ ಆಯಿತು, ಆಗ ಚಾರ್ಜ್ ಎಷ್ಟಿತ್ತು, ಏನು ನೋಡುತ್ತಿದ್ದಿರಿ, ಜೇಬಿನಲ್ಲಿತ್ತಾ ಕೈಯಲ್ಲಿತ್ತಾ ಅಂತ ಕೇಳುತ್ತೇನೆ. ಆಫ್ ಆಗಿದ್ದು ಅವರು ಕಂಡಿದ್ದು, ಬಿಸಿಯಿಂದ ಅನ್ನೋದು ಅವರೇ ಕಟ್ಟಿದ್ದು. ಅಂಗಡಿಯಲ್ಲಿ ಕೂತು ದಿನಾ ಇಷ್ಟು ಶಾಣ್ಯಾತನ ಮಾಡುವ ನಾನು ಮನೆ ಗಾಡಿಯ ವಿಷಯದಲ್ಲಿ ಅಪ್ಪಾಜಿಯ ಮೊದಲನೇ ಮಾತನ್ನೇ ಹಿಡಿದುಕೊಂಡು ಕೂತಿದ್ದೆ. ಅವರು ದೊಡ್ಡವರು, ಮೂವತ್ತು ವರ್ಷ ಗಾಡಿ ಓಡಿಸಿದವರು ಅಂತಲೋ ಏನೋ.

ಆ ಮರದ ಕೆಳಗೇ ಯೋಚನೆ ಬಂತು. ಇಂಜಿನ್ ಪೂರ್ತಿ ಬಿಸಿಯಾಗಲು ಎಷ್ಟು ದೂರ ಬೇಕು? ಊರು ದಾಟಿ ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಮುಳ್ಳು ತನ್ನ ಜಾಗಕ್ಕೆ ಬಂದು ನಿಲ್ಲುತ್ತೆ, ಆಮೇಲೆ ಅಲ್ಲಾಡಲ್ಲ. ಬಿಸಿಯೇ ಕಾರಣ ಆಗಿದ್ದರೆ ಹತ್ತಕ್ಕೆ ನಿಲ್ಲಬೇಕಿತ್ತು. ನಮ್ಮದು ನಿಲ್ಲುವುದು ಇಪ್ಪತ್ತೆರಡರ ಹತ್ತಿರ, ಅಲ್ಲೇ ಯಾಕೆ? ಮಾರನೇ ದಿನ ಮನೆ ಮುಂದೆ ಒಂದು ಗಂಟೆ ಇಂಜಿನ್ ಆನ್ ಮಾಡಿ ಬಿಟ್ಟೆ. ಬಾನೆಟ್ ಮುಟ್ಟಿದರೆ ಕೈ ಸುಡುತ್ತಿತ್ತು. ಅವ್ವ ಡೀಸೆಲ್ ಸುಡಬೇಡ ಅಂತ ಬೈದಳು. ಗಾಡಿ ಮಾತ್ರ ನಿಲ್ಲಲಿಲ್ಲ.

ಅವತ್ತಿನಿಂದ ಮಂಡಕ್ಕಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯಲು ಶುರು ಮಾಡಿದೆ. ಎಷ್ಟು ಗಂಟೆಗೆ ಹೊರಟೆವು, ಎಷ್ಟು ಕಿಲೋಮೀಟರಿಗೆ ಜಗ್ಗಿತು, ಮುಳ್ಳು ಎಲ್ಲಿತ್ತು, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು. ಡೀಸೆಲ್ ಯಾಕೆ ಬರೆದೆ ಅಂದ್ರೆ ಮೀಟರಿನಲ್ಲಿ ಅದು ಟೆಂಪರೇಚರ್ ಪಕ್ಕದಲ್ಲೇ ಇತ್ತು, ಬೇರೆ ಕಾರಣ ಇಲ್ಲ. ಒಂದು ದಿನ ಬೆಳಗಿನ ಜಾವ ನಾಲ್ಕಕ್ಕೆ, ತಣ್ಣನೆ ಗಾಳಿಯಲ್ಲಿ ಹೊರಟೆವು, 24 ಕಿಲೋಮೀಟರಿಗೆ ನಿಂತಿತು. ಎರಡು ದಿನ ಬಿಟ್ಟು ಸುಡು ಮಧ್ಯಾಹ್ನ ಹೋದೆವು, ದುರ್ಗ ಮುಟ್ಟಿ ವಾಪಸ್ ಬಂದರೂ ನಿಲ್ಲಲಿಲ್ಲ. ಎಂಟು ಸಾಲು ತುಂಬಿದ ಮೇಲೆ ಪುಸ್ತಕ ತಿರುಗಿಸಿ ನೋಡಿದರೆ ಬಿಸಿಲಿಗೂ ನಿಲ್ಲುವುದಕ್ಕೂ ಸಂಬಂಧವೇ ಇರಲಿಲ್ಲ. ನಿಂತ ದಿನಗಳಲ್ಲೆಲ್ಲಾ ‘ಡೀಸೆಲ್: ಫುಲ್’ ಅಂತ ಇತ್ತು. ಅರ್ಧ, ಕಾಲು ಅಂತ ಬರೆದ ದಿನ ಒಂದೂ ನಿಂತಿರಲಿಲ್ಲ.

ತುಂಬಿದ ಟ್ಯಾಂಕಿನ ಗಾಡಿ ಹಸಿವಿನಿಂದ ನಿಲ್ಲುತ್ತಾ? ಯಾರಿಗೆ ಹೇಳಿದರೂ ನಗುತ್ತಾರೆ. ಮರುದಿನ ಬಂಕಿನಲ್ಲಿ ಕುತ್ತಿಗೆ ತನಕ ತುಂಬಿಸಿಕೊಂಡು ಹೊರಟೆವು. ಆನಗೋಡು ದಾಟಿ ಜಗ್ಗಲು ಶುರುವಾದ ಕೂಡಲೇ ಪಕ್ಕಕ್ಕೆ ಹಾಕಿಸಿ, ಇಳಿದು, ಈ ಸಲ ಬಾನೆಟ್ ಕಡೆ ಹೋಗದೆ ಟ್ಯಾಂಕಿನ ಕಡೆ ಓಡಿದೆ. ಮುಚ್ಚಳಕ್ಕೆ ಬೀಗ. ‘ಅಪ್ಪಾಜಿ, ಕೀ ಕೊಡ್ರಿ’ ಅಂದೆ. ತಿರುಗಿಸಿದರೆ ಮುಚ್ಚಳ ಬಿಗಿಯಾಗಿ ಹಿಡಿದುಕೊಂಡಿತ್ತು, ಯಾರೋ ಒಳಗಿನಿಂದ ಎಳೆದ ಹಾಗೆ. ಜೋರಾಗಿ ತಿರುವಿದೆ. ಸುಯ್ಯ್... ಅಂತ ಗಾಳಿ ಒಳಗೆ ನುಗ್ಗಿತು. ಹಿಂದೆಯೇ ಟ್ಯಾಂಕಿನ ತಗಡು ‘ಡಬ್’ ಅಂತ ಎಣ್ಣೆ ಡಬ್ಬದ ಹಾಗೆ ಸದ್ದು ಮಾಡಿ ತನ್ನ ಆಕಾರಕ್ಕೆ ಬಂತು. ಕಾಲು ಗಂಟೆ ಕಾಯಲಿಲ್ಲ. ಒದ್ದೆ ಬಟ್ಟೆ ಇಲ್ಲ. ಸೆಲ್ಫ್ ಹೊಡೆದರೆ ಅಲ್ಲೇ ಸ್ಟಾರ್ಟ್.

ಆ ಬೀಗದ ಮುಚ್ಚಳದ ಕಥೆ ಇಷ್ಟು. ‘ಶಿವರಾತ್ರಿಗೆ ಚಳಿ ಶಿವಶಿವ ಅಂತ ಓಡಿಹೋಗುತ್ತೆ’ ಅಂತಾರಲ್ಲ, ಆ ಹೊತ್ತಿಗೆ ನಮ್ಮ ಬೀದಿಯಲ್ಲಿ ರಾತ್ರಿ ನಿಲ್ಲಿಸಿದ ಗಾಡಿಗಳಿಂದ ಡೀಸೆಲ್ ಕಳುವು ಜಾಸ್ತಿಯಾಗಿತ್ತು. ನಮ್ಮದರಲ್ಲೂ ಎರಡು ಸಲ ಎಳೆದಿದ್ದರು. ಅಪ್ಪಾಜಿ ಅಂಗಡಿಯಲ್ಲಿ ಕೈಗೆ ಸಿಕ್ಕ ಒಂದು ಬೀಗದ ಮುಚ್ಚಳ ತಂದು ಹಾಕಿದರು. ಅಳತೆಗೆ ಸರಿಯಾಗಿ ಕೂತಿತು, ಬಿಗಿಯೂ ಇತ್ತು. ಬಿಗಿ ಜಾಸ್ತಿಯೇ ಇತ್ತು. ಟ್ಯಾಂಕಿನಿಂದ ಡೀಸೆಲ್ ಹೋದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಕೆಲವು ಗಾಡಿಗಳಲ್ಲಿ ಅದಕ್ಕೆ ಬೇರೆ ಪೈಪ್ ಇರುತ್ತೆ, ಮುಚ್ಚಳ ಪೂರ್ತಿ ಬಂದ್ ಇದ್ದರೂ ನಡೆಯುತ್ತೆ. ನಮ್ಮ ಗಾಡಿಗೆ ಉಸಿರಾಟ ಮುಚ್ಚಳದಲ್ಲೇ, ಗಾಳಿಯನ್ನು ಒಳಗೆ ಬಿಡುವ ಸಣ್ಣ ವಾಲ್ವ್ ಅದರೊಳಗೇ ಇರಬೇಕು. ಅಪ್ಪಾಜಿ ತಂದಿದ್ದು ಬೇರೆ ಜಾತಿ ಗಾಡಿಯದ್ದು.

ಮತ್ತೆ ಫುಲ್ ಟ್ಯಾಂಕಿಗೇ ಯಾಕೆ ಅಂದರೆ, ಇದು ನನಗೆ ತುಂಬಾ ಹಿಡಿಸಿದ ಭಾಗ. ಕುತ್ತಿಗೆ ತನಕ ತುಂಬಿಸಿದರೆ ಮೇಲೆ ಮೂರು ಲೀಟರಿನಷ್ಟು ಗಾಳಿ ಇರುತ್ತೆ ಅಂತ ಇಟ್ಟುಕೊಳ್ಳಿ. ನಮ್ಮ ಗಾಡಿ ಲೀಟರಿಗೆ ಹನ್ನೊಂದು ಕೊಡುತ್ತೆ, 22 ಕಿಲೋಮೀಟರಿಗೆ ಎರಡು ಲೀಟರ್ ಖಾಲಿ. ಅಷ್ಟೇ ಗಾಳಿ ಈಗ ಐದು ಲೀಟರ್ ಜಾಗಕ್ಕೆ ಹಿಗ್ಗಬೇಕು, ಅಂದರೆ ಒತ್ತಡ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತೆ. ಮುಚ್ಚಳದ ರಬ್ಬರ್ ಸಂದಿಯಲ್ಲಿ ಅಷ್ಟಿಷ್ಟು ಗಾಳಿ ನುಸುಳಿದರೂ ಟ್ಯಾಂಕಿನಿಂದ ಡೀಸೆಲ್ ತರುವ ಫೀಡ್ ಪಂಪ್ ಎಳೆದು ಎಳೆದು ಸೋಲುತ್ತೆ. ಅದೇ ಮೂವತ್ತು ಲೀಟರ್ ಗಾಳಿ ಇರುವ ಅರ್ಧ ಟ್ಯಾಂಕ್ ಆದರೆ ಮೂವತ್ತು ಹೋಗಿ ಮೂವತ್ತೆರಡು, ಗಾಡಿಗೆ ಗೊತ್ತೇ ಆಗಲ್ಲ. ಟ್ಯಾಂಕ್ ತೊಳೆದ ದಿನ ಇಪ್ಪತ್ತು ಲೀಟರಿನಲ್ಲಿ ದುರ್ಗಕ್ಕೆ ಹೋಗಿಬಂದ ಗುಟ್ಟು ಇದೇ. ಕ್ಯಾನಿನ ಬಾಯಿ ತೆರೆದೇ ಇತ್ತು. ಒದ್ದೆ ಬಟ್ಟೆ ಗೆದ್ದಿದ್ದು ಬಟ್ಟೆಯಿಂದಲ್ಲ, ಆ ಕಾಲು ಗಂಟೆಯಲ್ಲಿ ಗಾಳಿ ಸಂದಿಯಿಂದ ನುಸುಳಿ ತುಂಬಿಕೊಂಡಿತ್ತು, ಅಷ್ಟೇ. ಹ್ಯಾಂಡ್ ಪಂಪ್ ಮೇಲೆ ಬರದೆ ಕೂತುಕೊಂಡಿದ್ದೂ ಹಿಂದಿನಿಂದ ಎಳೆತ ಇದ್ದಿದ್ದಕ್ಕೆ.

ಇನ್ನೂ ಒಂದಿದೆ. ಕಳ್ಳರ ಹೆದರಿಕೆಗೆ ಅಪ್ಪಾಜಿ ಮೊದಲು ಹತ್ತು ಹದಿನೈದು ಲೀಟರಿಗಿಂತ ಜಾಸ್ತಿ ಹಾಕಿಸುತ್ತಲೇ ಇರಲಿಲ್ಲ. ಬೀಗ ಬಂದ ಮೇಲೆ ಧೈರ್ಯ ಬಂತು, ಫುಲ್ ಮಾಡಿಸಲು ಶುರು ಮಾಡಿದರು. ರೋಗವನ್ನೂ ತಂದರು, ಅದಕ್ಕೆ ಬೇಕಾದ ಪಥ್ಯವನ್ನೂ ಮುರಿದರು. ಇದನ್ನು ಅವರಿಗೆ ಹೇಳಿದಾಗ ‘ಆತು ಬಿಡಪ್ಪಾ, ನೀ ದೊಡ್ಡ ಇಂಜಿನಿಯರ್’ ಅಂದರು.

ಬಿಸಿಗೇ ನಿಲ್ಲುವ ಗಾಡಿಗಳು ಇಲ್ಲವೇ ಇಲ್ಲ ಅಂತ ಹೇಳುತ್ತಿಲ್ಲ. ಹಳೇ ಪೆಟ್ರೋಲ್ ಗಾಡಿಗಳಲ್ಲಿ ಇಗ್ನಿಷನ್ ಕಾಯಿಲ್, ಕಂಡೆನ್ಸರ್ ಕಾದು ಕೈಕೊಡುತ್ತವೆ, ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ದಾರಿ ಕಟ್ಟುತ್ತೆ. ಈಚಿನ ಡೀಸೆಲ್ ಗಾಡಿಗಳಲ್ಲಿ ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಸತ್ತು ತಣ್ಣಗಾದ ಮೇಲೆ ಬದುಕುತ್ತೆ, ಅದು ಅಂತೂ ಮಹಾ ಆಟ ಆಡಿಸುತ್ತೆ. ನಿಮ್ಮದು ಅದೇ ಇರಬಹುದು. ಆದರೆ ನಿಂತ ಕೂಡಲೇ ಬಾನೆಟ್ ಎತ್ತುವ ಮೊದಲು ಒಮ್ಮೆ ಟ್ಯಾಂಕ್ ಮುಚ್ಚಳ ತೆಗೆದು ಕಿವಿ ಕೊಡಿ. ದುಡ್ಡಿಲ್ಲ, ಪಾನಾ ಬೇಡ.

ಒಟ್ಟು ಖರ್ಚು ಬರೆಯಲು ಹೋದೆ, ಅಪ್ಪಾಜಿ ಪುಸ್ತಕ ಕಿತ್ತುಕೊಂಡರು. ಥರ್ಮೋಸ್ಟಾಟ್ ವಾಪಸ್ ಹಾಕಿಸಿದೆವು. ಹೊಸ ಪೈಪು, ಫಿಲ್ಟರ್ ಹೇಗೂ ಬೇಕಾಗಿತ್ತು ಅಂತ ಸಮಾಧಾನ ಮಾಡಿಕೊಂಡೆವು. ಹಿರಿಯ ಮೇಸ್ತ್ರಿಗೆ ಹೋಗಿ ಹೇಳಿದಾಗ ಅವರು ತಲೆ ಮೇಲೆ ಕೈ ಇಟ್ಟುಕೊಂಡು ‘ಹ್ಯಾಂಡ್ ಪಂಪ್, ಹ್ಯಾಂಡ್ ಪಂಪ್’ ಅಂತ ಎರಡು ಸಲ ಅಂದರು. ಚಹಾ ತರಿಸಿದರು, ಹ್ಯಾಂಡ್ ಪಂಪಿನ ದುಡ್ಡು ವಾಪಸ್ ಕೊಡಲು ಬಂದರು. ಅಪ್ಪಾಜಿ ತಗೊಳ್ಳಲಿಲ್ಲ.

ಬೀಗ ಬೇಕೇ ಬೇಕಿತ್ತು, ಕಳ್ಳರು ಎಲ್ಲೂ ಹೋಗಿಲ್ಲವಲ್ಲ. ಇಬ್ಬರೂ ಸೇರಿ ಬಿಡಿಭಾಗದ ಅಂಗಡಿಗೆ ಹೋದೆವು. ಹುಡುಗ ಮೂರು ಮುಚ್ಚಳ ತಂದು ಮುಂದಿಟ್ಟು ‘ಎಲ್ಲಾ ಒಂದೇ ಅಣ್ಣಾ, ನಿಮ್ಮ ಗಾಡಿಗೆ ಕೂರ್ತಾವೆ’ ಅಂದ. ಅಪ್ಪಾಜಿ ಒಂದನ್ನು ತೆಗೆದುಕೊಂಡರು, ಪಂಚೆಯಲ್ಲಿ ಒರೆಸಿದರು, ಒಳಬದಿಯನ್ನು ಬಾಯಿಗೆ ಕಚ್ಚಿ ಹಿಡಿದು ಎಳನೀರು ಹೀರುವ ಹಾಗೆ ಹೀರಿದರು. ಗಾಳಿ ಬರಲಿಲ್ಲ, ಕೆಳಗಿಟ್ಟರು. ಎರಡನೆಯದೂ ಅಷ್ಟೇ. ಕೌಂಟರಿನಲ್ಲಿದ್ದ ನಾಲ್ಕು ಜನ ಅವರನ್ನೇ ನೋಡುತ್ತಿದ್ದರು, ಹುಡುಗ ಬಾಯಿ ತೆರೆದು ನಿಂತಿದ್ದ. ಮೂರನೆಯದನ್ನು ಹೀರಿದಾಗ ಒಳಗಿಂದ ಸಣ್ಣಗೆ ‘ಪುಸ್’ ಅಂತ ಗಾಳಿ ಬಂತು.

‘ಇದನ್ನ ಕೊಡಪ್ಪಾ’ ಅಂದರು, ಬಾಯಿ ಒರೆಸಿಕೊಳ್ಳುತ್ತಾ.